ಎಫ್.ಸಿ. ಪುಸ್ತಕದ ಎಂಟು ರಿವೆಟ್

ಕಾರಿನ ನಾಲ್ಕು ಚಕ್ರಗಳೂ ಆಕಾಶ ನೋಡುತ್ತಿದ್ದವು.

ಮಧುಗಿರಿಯಿಂದ ಪಾವಗಡಕ್ಕೆ ಹೋಗುವ ರಸ್ತೆ. ಮಿಡಿಗೇಶಿ ದಾಟಿ ಎರಡು ಮೈಲಿ ಹೋದರೆ ಒಂದು ಇಳಿಜಾರು. ಅದರ ಕೊನೆಗೆ ಎಡಕ್ಕೊಂದು ತಿರುವು. ಕಾರು ಆ ತಿರುವಿನಲ್ಲಿ ತಿರುಗಿರಲಿಲ್ಲ. ನೆಟ್ಟಗೆ ಹೋಗಿ, ಅಂಚಿನ ಕಲ್ಲನ್ನು ಕಿತ್ತುಕೊಂಡು, ಇಪ್ಪತ್ತಡಿ ಕೆಳಗಿನ ಹಳ್ಳಕ್ಕೆ ಮಗುಚಿ ಬಿದ್ದಿತ್ತು. ಬೆಳಿಗ್ಗೆ ಏಳೂವರೆಗೆ ಕುರಿ ಹೊಡೆದುಕೊಂಡು ಬಂದವರು ನೋಡಿದರು. ಡ್ರೈವರ್ ಸ್ಟೀರಿಂಗಿಗೂ ಸೀಟಿಗೂ ನಡುವೆ ಸಿಕ್ಕಿಕೊಂಡಿದ್ದ. ಉಸಿರು ನಿಂತುಹೋಗಿತ್ತು.

ಸತ್ತವನು ಪಾವಗಡದ ಪೆದ್ದಣ್ಣ. ಹನ್ನೊಂದು ವರ್ಷ ಬೇರೆಯವರ ಲಾರಿ ಓಡಿಸಿದವನು. ಆರು ದಿನದ ಹಿಂದೆ ತನ್ನದೇ ಅಂತ ಒಂದು ಹಳೇ ಟ್ಯಾಕ್ಸಿ ಕೊಂಡಿದ್ದ. ಅಂದು ಮಧುಗಿರಿಯಲ್ಲಿ ಬಾಡಿಗೆಯವರನ್ನು ಇಳಿಸಿ ಒಬ್ಬನೇ ಊರಿಗೆ ಹಿಂತಿರುಗುತ್ತಿದ್ದ.

ಮಧ್ಯಾಹ್ನ ಒಬ್ಬ ಪೇದೆ ಬಸ್ಸಿನಿಂದ ಇಳಿದು, ಶಿರಾದ ಅಬ್ದುಲ್ ರಶೀದನ ಗ್ಯಾರೇಜಿನ ಮುಂದೆ ನಿಂತ. ಸಬ್ ಇನ್ಸ್‌ಪೆಕ್ಟರ್ ವೃಷಭೇಂದ್ರಪ್ಪನವರು ಕರೆಯುತ್ತಿದ್ದಾರೆ, ಈಗಲೇ ಹೊರಡಬೇಕು ಎಂದ. ಯಾಕೆಂದು ಕೇಳಿದ್ದಕ್ಕೆ ಪೇದೆ ಹೇಳಿದ್ದು ಒಂದೇ ಮಾತು.

"ನೀನು ಪಾಸು ಮಾಡಿದ ಗಾಡಿ ಕಣಯ್ಯ."

ರಶೀದನ ಕೈಯಲ್ಲಿದ್ದ ಸ್ಪ್ಯಾನರ್ ಹಾಗೇ ನಿಂತಿತು.

ಆ ನಾಲ್ಕು ತಾಲ್ಲೂಕಿನಲ್ಲಿ ಹಳೇ ಕಾರು ಕೊಳ್ಳುವವರು ಮೊದಲು ರಶೀದನನ್ನು ಕೇಳುತ್ತಿದ್ದರು. ಅವನು ಇಂಜಿನ್ ನೋಡುವನು, ಓಡಿಸಿ ನೋಡುವನು. ಎಲ್ಲಕ್ಕಿಂತ ಹೆಚ್ಚಾಗಿ ಎಫ್.ಸಿ. ಪುಸ್ತಕ ಓದುವನು. ಬಾಡಿಗೆ ಗಾಡಿಯನ್ನು ವರ್ಷಕ್ಕೊಮ್ಮೆ ಬ್ರೇಕ್ ಇನ್ಸ್‌ಪೆಕ್ಟರು ಪರೀಕ್ಷೆ ಮಾಡಿ, ಸರಿಯಿದ್ದದ್ದನ್ನೂ ಕೆಟ್ಟದ್ದನ್ನೂ ಬರೆದು, ಮೊಹರು ಹಾಕುವ ಪುಸ್ತಕ ಅದು. ಮನುಷ್ಯನಿಗೆ ಜಾತಕ ಹೇಗೋ ಟ್ಯಾಕ್ಸಿಗೆ ಅದು ಹಾಗೆ. ಪೆದ್ದಣ್ಣನ ಕಾರಿನ ಪುಸ್ತಕದಲ್ಲಿ ಎಂಟು ವರ್ಷದ ಮೊಹರುಗಳಿದ್ದವು. ಒಂದೂ ತಪ್ಪಿರಲಿಲ್ಲ. ರಶೀದ ಅದನ್ನು ಓದಿ, "ತಗೋ ಅಣ್ಣ, ಒಳ್ಳೇ ಗಾಡಿ" ಎಂದಿದ್ದ.

ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವನಿಗೆ ಆ ಮಾತೇ ಕೇಳಿಸುತ್ತಿತ್ತು.

* * *

ಜನ ಹಗ್ಗ ಕಟ್ಟಿ ಹೆಣ ತೆಗೆದಿದ್ದರು. ಕಾರನ್ನು ಪಕ್ಕಕ್ಕೆ ಹೊರಳಿಸಿದ್ದರು. ಹಳ್ಳದ ದಂಡೆಯಲ್ಲಿ ವೃಷಭೇಂದ್ರಪ್ಪ ನಿಂತಿದ್ದರು. ಐವತ್ತರ ಹತ್ತಿರದ ಆಳು, ಮಾತು ಕಮ್ಮಿ. ಅವರ ಹಿಂದೆ ಪರ್ವತಯ್ಯ ನಿಂತಿದ್ದ.

ಪರ್ವತಯ್ಯನನ್ನು ನೋಡಿ ರಶೀದನಿಗೆ ಹೋದ ಜೀವ ಬಂದಂತಾಯಿತು. ಕಾರು ತಂದು ಮಾರಿಸಿದ ದಲ್ಲಾಳಿ ಅವನೇ. ಆದರೆ ರಶೀದನಿಗೆ ಅವನು ದಲ್ಲಾಳಿಯಲ್ಲ. ರಶೀದನ ತಾಯಿ ಹೆರಿಗೆಯಲ್ಲೇ ತೀರಿಕೊಂಡಾಗ, ಪಕ್ಕದ ಮನೆಯ ಚಿಕ್ಕಹನುಮಕ್ಕ ತನ್ನ ಮೂರು ತಿಂಗಳ ಮಗನ ಜೊತೆಗೆ ಈ ಕೂಸಿಗೂ ಎದೆಹಾಲು ಕೊಟ್ಟಿದ್ದಳು. ಆ ಮಗನೇ ಪರ್ವತಯ್ಯ. ಇಬ್ಬರೂ ಒಂದೇ ಮಡಿಲಲ್ಲಿ ಬೆಳೆದವರು.

ಬೆಳಿಗ್ಗೆ ಮಧುಗಿರಿಯಲ್ಲೇ ಏನೋ ಕೆಲಸವಿತ್ತಂತೆ. ಸುದ್ದಿ ಕೇಳಿ ಪೊಲೀಸರಿಗಿಂತ ಮೊದಲೇ ಓಡಿಬಂದನಂತೆ. ಹಾಗೆಂದು ಪರ್ವತಯ್ಯನೇ ಹೇಳಿದ. ಹೇಳುವಾಗ ಅವನ ಕಣ್ಣು ಕೆಂಪಾಗಿತ್ತು.

ಇನ್ಸ್‌ಪೆಕ್ಟರು ಆಗಲೇ ಒಬ್ಬನನ್ನು ಹಿಡಿದು ಕೂರಿಸಿದ್ದರು. ನಾಗಲಿಂಗಯ್ಯ ಅಂತ, ಮಧುಗಿರಿ ಸ್ಟ್ಯಾಂಡಿನ ಟ್ಯಾಕ್ಸಿಯವನು. ಎರಡು ದಿನದ ಹಿಂದೆ ಬಾಡಿಗೆಯವರನ್ನು ಕಿತ್ತುಕೊಂಡ ವಿಷಯಕ್ಕೆ ಪೆದ್ದಣ್ಣನ ಕಾಲರ್ ಹಿಡಿದಿದ್ದನಂತೆ. ಕಾರಿನ ಬ್ರೇಕ್ ಪೈಪು ತುಂಡಾಗಿದೆ, ಇವನೇ ಕುಯ್ದಿರಬೇಕು ಅನ್ನುವುದು ಇನ್ಸ್‌ಪೆಕ್ಟರ ಲೆಕ್ಕ.

ರಶೀದ ಕಾರಿನ ಹತ್ತಿರ ಹೋಗಲಿಲ್ಲ. ರಸ್ತೆಗೆ ಹತ್ತಿ ಇಳಿಜಾರಿನುದ್ದಕ್ಕೂ ನಡೆದ. ವಾಪಸು ಬಂದು, ಬ್ರೇಕು ಕೆಟ್ಟಿರಲಿಲ್ಲ ಎಂದ. ರಸ್ತೆಯ ಮೇಲೆ ಟೈರಿನ ಎರಡು ಕಪ್ಪು ಗೆರೆಗಳಿದ್ದವು. ತಿರುವಿಗೆ ನಲವತ್ತು ಅಡಿ ಮೊದಲೇ ಶುರುವಾಗಿ, ನೆಟ್ಟಗೆ ಅಂಚಿನವರೆಗೂ ಹೋಗಿದ್ದವು. ಬ್ರೇಕು ಹಿಡಿಯದಿದ್ದರೆ ಆ ಗೆರೆಗಳೇ ಬೀಳುತ್ತಿರಲಿಲ್ಲ. ಪೈಪು ತುಂಡಾದದ್ದು ಕೆಳಗೆ ಬಿದ್ದಾಗ.

"ಪೆದ್ದಣ್ಣ ಬ್ರೇಕ್ ತುಳಿದಿದಾನೆ ಸಾರ್. ಸ್ಟೀರಿಂಗ್ ತಿರುಗಿಸೋಕೂ ನೋಡಿದಾನೆ. ಚಕ್ರ ತಿರುಗಿಲ್ಲ."

ನಾಗಲಿಂಗಯ್ಯ ಕುಳಿತಲ್ಲೇ ಮುಖ ಮುಚ್ಚಿಕೊಂಡ.

ಆಮೇಲೆ ರಶೀದ ಕಾರಿನ ಅಡಿಗೆ ನುಗ್ಗಿದ. ಸ್ಟೀರಿಂಗ್ ಬಾಕ್ಸು ಕೂರುವ ಜಾಗದಲ್ಲಿ ಚಾಸಿಯ ಕಬ್ಬಿಣವೇ ಹರಿದುಹೋಗಿತ್ತು. ಅಡಿಗೆಲ್ಲ ಹೊಸದಾಗಿ ಟಾರು ಬಳಿದಿತ್ತು. ಕೊಳ್ಳುವಾಗಲೂ ಅದನ್ನು ನೋಡಿದ್ದ. ತುಕ್ಕು ಹಿಡಿಯದಿರಲಿ ಅಂತ ಬಳಿಸಿದ್ದೀನಿ ಎಂದಿದ್ದ ಪರ್ವತಯ್ಯ. ಈಗ ಸ್ಕ್ರೂಡ್ರೈವರಿನಿಂದ ಕೆರೆದರೆ, ಟಾರಿನ ಕೆಳಗಿನ ಕಬ್ಬಿಣ ಹಪ್ಪಳದ ಹಾಗೆ ಪದರಪದರವಾಗಿ ಉದುರಿತು.

ಹರಿದ ಜಾಗದೊಳಕ್ಕೆ ಬೆರಳು ತೂರಿಸಿದ. ಒಣಗಿದ ಮಣ್ಣು ಸಿಕ್ಕಿತು. ರಸ್ತೆಯ ಕೆಂಪು ಧೂಳಲ್ಲ. ಕೆರೆಯ ತಳದ ಕಪ್ಪು ಗೋಡು. ಅದರ ಜೊತೆ ಮೆಣಸಿನಕಾಳಿನಷ್ಟು ಸಣ್ಣ ಬಸವನಹುಳುವಿನ ಚಿಪ್ಪುಗಳು, ಹತ್ತು ಹನ್ನೆರಡು.

ಕೆರೆಯ ಹುಳು ಕಾರಿನ ಚಾಸಿಯೊಳಗೆ ಹೇಗೆ ಬಂತು?

ಜೇಬಿನಿಂದ ತನ್ನ ನೋಟ್‌ಬುಕ್ ತೆಗೆದ. ಯಾವ ಕಾರಿಗೆ ತಾನು ಮಾತು ಕೊಡುತ್ತಾನೋ ಅದರ ಎಫ್.ಸಿ. ಷರಾಗಳನ್ನೆಲ್ಲ ಬರೆದಿಟ್ಟುಕೊಳ್ಳುವುದು, ಕೆಲಸ ಕಲಿಸಿದ ಬಾಷಾ ಸಾಬರು ಹಾಕಿಕೊಟ್ಟ ಅಭ್ಯಾಸ. ೧೯೫೭ರ ಷರಾ: ಡ್ರೈವರ್ ಕಾಲಡಿಯ ತಗಡು ತೂತಾಗಿದೆ, ಬದಲಿಸಬೇಕು. ೧೯೫೮ರ ಷರಾ: ತಗಡಿಗೆ ಎಂಟು ರಿವೆಟ್ ಹಾಕಿ ತೇಪೆ ಹಚ್ಚಿದೆ, ಸರಿಯಿದೆ.

ಕಾರಿನೊಳಗೆ ಹೊಸ ರಬ್ಬರ್ ಮ್ಯಾಟನ್ನು ಅಂಟು ಹಾಕಿ ಕೂರಿಸಿದ್ದರು. ರಶೀದ ಅದನ್ನು ಕಿತ್ತ. ತಗಡು ಇಡಿಯಾಗಿತ್ತು. ತುಕ್ಕು ಹಿಡಿದಿತ್ತು, ನಿಜ. ಆದರೆ ತೇಪೆಯಿಲ್ಲ. ಒಂದು ರಿವೆಟ್ ಕೂಡ ಇಲ್ಲ.

ಇದು ಆ ಪುಸ್ತಕದ ಕಾರೇ ಅಲ್ಲ.

ಕೊನೆಗೆ ಸೀಮೆಎಣ್ಣೆಯಲ್ಲಿ ಬಟ್ಟೆ ಅದ್ದಿ ಇಂಜಿನ್ ನಂಬರು ಒರೆಸಿದ. ೨೭೩೭೧. ಪುಸ್ತಕದಲ್ಲಿದ್ದದ್ದೂ ಅದೇ ನಂಬರು. ಕೊಳ್ಳುವ ದಿನ ಗ್ರೀಸಿನ ಮೇಲೆ ಬೆರಳಾಡಿಸಿ ಓದಿ, ತಾಳೆಯಾಯಿತೆಂದು ಬಿಟ್ಟಿದ್ದ. ಈಗ ಸುತ್ತಲಿನ ಜಾಗವನ್ನು ಅರ ಹಾಕಿ ಉಜ್ಜಿದ ಗೀರುಗಳು ಕಂಡವು. ಹಳೇ ನಂಬರು ಅಳಿಸಿ, ಮೇಲೆ ಪಂಚಿನಿಂದ ಹೊಡೆದು ಹೊಸ ನಂಬರು ಮೂಡಿಸಿದ್ದರು. ಎರಡು ಏಳುಗಳ ಬಾಲದಲ್ಲೂ ಒಂದು ಸಣ್ಣ ಮುಕ್ಕು.

ಆ ಮುಕ್ಕನ್ನು ರಶೀದ ಎಲ್ಲಿ ಕಂಡರೂ ಗುರುತು ಹಿಡಿಯುತ್ತಿದ್ದ. ಅದು ಅವನದೇ ಪಂಚು. ಎರಡು ತಿಂಗಳ ಹಿಂದೆ ಒಬ್ಬನೇ ಒಬ್ಬನಿಗೆ ಎರವಲು ಕೊಟ್ಟಿದ್ದ, ಮದುವೆಗೆ ಕೊಡುವ ಕೇರಿಯ ಪಾತ್ರೆಗಳಿಗೆ ನಂಬರು ಹಾಕಬೇಕು ಅಂದದ್ದಕ್ಕೆ.

ತಲೆಯೆತ್ತಿ ದಂಡೆಯ ಕಡೆ ನೋಡಿದ. ಪರ್ವತಯ್ಯ ಇನ್ಸ್‌ಪೆಕ್ಟರಿಗೆ ನೀರು ಕೊಡುತ್ತಿದ್ದ.

ರಶೀದ ಮಣ್ಣು, ತಗಡು, ಅರದ ಗೀರು ಎಲ್ಲ ಹೇಳಿದ. ಪಂಚಿನ ಮಾತು ಹೇಳಲಿಲ್ಲ.  ವೃಷಭೇಂದ್ರಪ್ಪ ಪುಸ್ತಕ ಎಲ್ಲಿ ಎಂದರು. ಡ್ರೈವರನ ಮುಂದಿನ ಗೂಡಿನಲ್ಲಿ ಇರಬೇಕಾದ ಪುಸ್ತಕ ಅಲ್ಲಿರಲಿಲ್ಲ. ಹಳ್ಳವೆಲ್ಲ ಹುಡುಕಿದರೂ ಸಿಗಲಿಲ್ಲ.

"ನೀನೊಬ್ಬನೇ ಓದಿದ ಪುಸ್ತಕ. ನೀನೇ ಬರಕೊಂಡ ನೋಟ್‌ಬುಕ್. ನಾನು ಯಾವುದನ್ನ ನಂಬಲಿ?" ಎಂದರು ಇನ್ಸ್‌ಪೆಕ್ಟರು. "ಎರಡು ದಿನ ಕೊಡ್ತೀನಿ. ಮೂರನೇ ದಿನ ನಿನ್ನ ಹೇಳಿಕೆ ಬರಕೊಳ್ಳೋದು ಸಾಕ್ಷಿ ಅಂತಲೋ, ಇನ್ನೇನಂತಲೋ ನೀನೇ ಯೋಚನೆ ಮಾಡು."

* * *

ಮಧುಗಿರಿ ಆಸ್ಪತ್ರೆಯ ಹಿಂದಿನ ಜಗಲಿಯಲ್ಲಿ ಪೆದ್ದಣ್ಣನ ಹೆಂಡತಿ ಸಣ್ಣಕ್ಕ ಕುಳಿತಿದ್ದಳು. ಅವಳ ಕಣ್ಣಿಗೆ ಬೀಳದೆ ಹೋಗಿಬಿಡಬೇಕೆಂದುಕೊಂಡ ರಶೀದನಿಗೆ ಕಾಲು ಬರಲಿಲ್ಲ. ಹತ್ತಿರ ಹೋಗಿ ನಿಂತ.

ಅವಳು ಬೈಯಲಿಲ್ಲ. ಅವನ ಮುಖ ನೋಡಿ, ಗಂಡ ಮನೆಗೆ ಕಾರು ತಂದ ದಿನದ ಮಾತನ್ನು ತನ್ನ ತೆಲುಗು ಬೆರೆತ ಕನ್ನಡದಲ್ಲಿ ಹೇಳಿದಳು.

"ನಾನು ವದ್ದು, ಬ್ಯಾಡ ಅಂದೆ ಅಣ್ಣಾ, ಹಳೇದು ಯಾಕೆ ಅಂದೆ. ರಶೀದ್ ಸಾಬರು ನೋಡಿ ಹೇಳಿದಾರೆ, ಇಂಕೇಮಿ ಭಯ ಇಲ್ಲ ಅಂದ."

ರಶೀದ ಅಲ್ಲಿಂದ ನೇರ ಬಸ್ ಸ್ಟ್ಯಾಂಡಿಗೆ ಹೋಗಿ ಕೊರಟಗೆರೆ ಬಸ್ಸು ಹತ್ತಿದ.

* * *

ಪುಸ್ತಕದಲ್ಲಿ ಹಿಂದಿನ ಮಾಲೀಕನ ಹೆಸರಿತ್ತು: ಗಂಗಾಧರಯ್ಯ, ಹೊಳವನಹಳ್ಳಿ. ಅವನಿಂದ ಬೆಂಗಳೂರಿನ ಒಬ್ಬರಿಗೆ ಹೋಗಿ, ಅಲ್ಲಿಂದ ತನ್ನ ಕೈಗೆ ಬಂದ ಗಾಡಿ ಎಂದಿದ್ದ ಪರ್ವತಯ್ಯ. ರಶೀದ ಅದನ್ನೂ ವಿಚಾರಿಸಿರಲಿಲ್ಲ.

ರಾತ್ರಿ ಕೊರಟಗೆರೆಯಲ್ಲಿ ತಂಗಿ, ಬೆಳಿಗ್ಗೆ ಹೋದಾಗ ಗಂಗಾಧರಯ್ಯ ತೋಟದಲ್ಲಿ ಸಿಕ್ಕಿದ. ಟ್ಯಾಕ್ಸಿ ಓಡಿಸುವುದು ಬಿಟ್ಟು ಆರು ತಿಂಗಳಾಯಿತಂತೆ. ಕಾರು ಮಾರಿದಿರಾ ಎಂದು ಕೇಳಿದರೆ ನಗುತ್ತಾ ಬಾವಿಯ ಹತ್ತಿರ ಕರೆದುಕೊಂಡು ಹೋದ. ಬಾವಿಯ ಪಕ್ಕ ಕಲ್ಲಿನ ಕಟ್ಟೆಯ ಮೇಲೆ ಒಂದು ಕಾರಿನ ಇಂಜಿನ್ ಕೂತಿತ್ತು. ಬೆಲ್ಟು ಹಾಕಿ ಪಂಪಿಗೆ ಜೋಡಿಸಿದ್ದರು. ಬಾಡಿ ಸವೆದುಹೋಗಿತ್ತು, ಇಂಜಿನ್ ಗಟ್ಟಿಯಿತ್ತು, ಅದಕ್ಕೇ ಕಾರನ್ನು ಬಿಚ್ಚಿಸಿ ಇಂಜಿನ್ನನ್ನು ನೀರೆತ್ತೋಕೆ ಹಾಕಿಕೊಂಡೆ ಎಂದ.

ರಶೀದ ಬಗ್ಗಿ ನಂಬರು ನೋಡಿದ. ಕಾರ್ಖಾನೆಯಲ್ಲಿ ಬಿದ್ದ ಅಚ್ಚು, ಸ್ವಚ್ಛವಾಗಿತ್ತು. ೨೭೩೭೧.

ಒಂದು ನಂಬರು ಎರಡು ಇಂಜಿನ್ನಿಗೆ ಇರುವುದಿಲ್ಲ.

ಪಂಪಿನ ಗುಡಿಸಿಲಿಗೆ ಬಾಗಿಲಿನ ಬದಲು ಒಂದು ತಗಡು ಒರಗಿಸಿದ್ದರು. ಅದರ ನಡುವೆ ತೇಪೆ. ತೇಪೆಯ ಸುತ್ತ ಎಂಟು ರಿವೆಟ್. ಒಂದು ಸಲ ಎಣಿಸಿದ. ಸಾಲದೆ ಇನ್ನೊಂದು ಸಲ ಎಣಿಸಿದ.

ಕಾರು ಬಿಚ್ಚಿದ ಮೇಲೆ ಅದರ ಎಫ್.ಸಿ. ಪುಸ್ತಕ ಏನಾಯಿತು ಎಂದು ಕೇಳಿದಾಗ ಗಂಗಾಧರಯ್ಯ ಅವನನ್ನೇ ವಿಚಿತ್ರವಾಗಿ ನೋಡಿದ.

"ನೀವೇ ತರಿಸ್ಕಂಡ್ರಲ್ಲ ಸಾಬ್ರೇ. ಪರ್ವತಯ್ಯ ಬಂದಿದ್ರು. ಆಪೀಸಿಗೆ ಹಿಂದಕ್ಕೆ ಕೊಡ್ಬೇಕು, ರಶೀದ್ ಕಳ್ಸಿದಾನೆ ಅಂದ್ರು. ನಿಮ್ಮ ಹೆಸರು ಹೇಳಿದ್ಮ್ಯಾಕೆ ನಾನ್ಯಾಕೆ ಕೇಳ್ಲಿ ಅಂತ ಕೊಟ್ಬುಟ್ಟೆ."

ರಶೀದ ಬಾವಿಯ ಕಟ್ಟೆಯ ಮೇಲೆ ಕುಳಿತುಬಿಟ್ಟ. ಪಂಚು ಎರವಲು ಕೊಟ್ಟದ್ದರಲ್ಲಿ ಇನ್ನೂ ಏನೋ ಒಂದು ಸಂದು ಉಳಿದಿತ್ತು. ಬೇರೆ ಯಾರ ಕೈಗೋ ಹೋಗಿರಬಹುದು, ಪರ್ವತನಿಗೂ ಯಾರೋ ಮೋಸ ಮಾಡಿರಬಹುದು ಅಂತ ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡು ಬಂದಿದ್ದ. ಈಗ ಆ ಸಂದೂ ಮುಚ್ಚಿತು. ಗಂಗಾಧರಯ್ಯ ಎಳನೀರು ಕೆತ್ತಿ ಕೊಟ್ಟ. ರಶೀದ ಅದನ್ನು ಪಕ್ಕಕ್ಕಿಟ್ಟ.

* * *

ಮಾರನೇ ದಿನ ಮದಲೂರಿಗೆ ಹೋದ. ಕಾರು ಮುಳುಗುವಷ್ಟು ದೊಡ್ಡ ಕೆರೆ, ಪರ್ವತಯ್ಯನ ಓಡಾಟದ ಸುತ್ತಿನಲ್ಲಿ ಅದೊಂದೇ.

ಕೆರೆಯ ತೂಬು ನೋಡಿಕೊಳ್ಳುವ ನೀರುಗಂಟಿ ದೊಡ್ಡಹನುಮಯ್ಯನಿಗೆ ಎಲ್ಲ ನೆನಪಿತ್ತು. ಎರಡು ವರ್ಷದ ಹಿಂದೆ ಕೆರೆ ತುಂಬಿದ್ದಾಗ ಪರವೂರಿನವರ ಕಾರೊಂದು ಏರಿಯ ಮೇಲಿಂದ ಜಾರಿ ನೀರಿಗೆ ಬಿತ್ತು. ಒಳಗಿದ್ದವರು ಈಜಿ ಬಂದರು. ಕಾರು ನೀರು ಇಳಿಯುವವರೆಗೂ ಐದಾರು ತಿಂಗಳು ಗೋಡಿನಲ್ಲೇ ಹೂತಿತ್ತು. ಆಮೇಲೆ ಶಿರಾದವನೊಬ್ಬ ಬಂದು ಆರು ಜೊತೆ ಎತ್ತು ಕಟ್ಟಿಸಿ ಎಳೆಸಿದ.

"ಯಾರಂತ ಹೆಸರು ಗೊತ್ತಿಲ್ಲ ಕಣಪ್ಪ. ಕಂಡ್ರೆ ಗುರುತು ಹಿಡೀತೀನಿ. ಕೆಳಗೆ ಇಳೀದಂಗೆ ಏರಿ ಮ್ಯಾಲೇ ನಿಂತ್ಕಂಡು ಅಂಗೆಳಿ ಇಂಗೆಳಿ ಅಂತಿದ್ದ. ಬಲಗಡೆ ಹುಬ್ಬಿನ ಮ್ಯಾಲೆ ಒಂದು ಗಾಯದ ಕಲೆ ಐತೆ."

ಆ ಗಾಯ ರಶೀದನಿಗೆ ಗೊತ್ತು. ಒಂಬತ್ತು ವರ್ಷದವರಿದ್ದಾಗ ಇಬ್ಬರೂ ಹುಣಿಸೇಮರ ಹತ್ತಿದ್ದರು. ಕೆಳಗಿನ ಕೊಂಬೆಯಲ್ಲಿದ್ದ ರಶೀದ ಬೀಳದಂತೆ ಹಿಡಿಯಲು ಬಗ್ಗಿ, ಪರ್ವತಯ್ಯನೇ ಬಿದ್ದಿದ್ದ.

* * *

ಶಿರಾಕ್ಕೆ ಬಂದವನು ತನ್ನ ಮನೆಗೆ ಹೋಗದೆ ಚಿಕ್ಕಹನುಮಕ್ಕನ ಮನೆಗೆ ಹೋದ. ಪರ್ವತಯ್ಯ ಇರಲಿಲ್ಲ. ಮುದುಕಿ ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು. ಅವನ ಮುಖ ನೋಡಿದವಳೇ ಒಳಗೆ ಹೋಗಿ ತಟ್ಟೆಯಲ್ಲಿ ಮುದ್ದೆ ಹಾಕಿ ತಂದಳು. ಅವನು ಎರಡು ತುತ್ತು ನುಂಗಿದ. ಪರ್ವತ ಏನಾದರೂ ಪುಸ್ತಕ ತಂದಿಟ್ಟಿದ್ದಾನಾ ಅವ್ವ, ಗಾಡಿ ಪುಸ್ತಕ, ಕೆಂಪು ರಟ್ಟಿನದು ಎಂದು ಕೇಳಿದ. ದನಿ ಆದಷ್ಟು ಮಾಮೂಲಾಗಿರಲಿ ಅಂತ ನೋಡಿಕೊಂಡ.

"ಐತೆ ಕಣಪ್ಪ, ರಾಗಿ ಗುಡಾಣದ ಹಿಂದೆ. ಮೊನ್ನೆ ತಂದಿಟ್ಟು ಯಾರಿಗೂ ಕೊಡ್ಬ್ಯಾಡ ಅಂದ. ನೀನೇನು ಯಾರೋನಾ?"

ಅವಳೇ ಎದ್ದು ಹೋಗಿ, ಸೆರಗಿನಿಂದ ಧೂಳು ಒರೆಸಿ, ಪುಸ್ತಕವನ್ನು ಅವನ ಕೈಯಲ್ಲಿಟ್ಟಳು. ಅವನು ತೆಗೆದುಕೊಂಡ. ಯಾತಕ್ಕೆ ಎಂದು ಅವಳು ಕೇಳಲಿಲ್ಲ. ಅವನೂ ಹೇಳಲಿಲ್ಲ.

ಬೀದಿಗೆ ಬಂದ ಮೇಲೆ ತೆರೆದು ನೋಡಿದ. ಮೊದಲ ಪುಟದಲ್ಲಿ ಪೂಜೆಯ ಅರಿಶಿನ ಕುಂಕುಮ ಮೆತ್ತಿತ್ತು. ಅದರ ಕೆಳಗೆ ಪೆನ್ಸಿಲಿನಲ್ಲಿ, ತೆಲುಗು ಅಕ್ಷರದಲ್ಲಿ ಒಂದು ಹೆಸರು.

* * *

ಮೂರನೇ ದಿನ ಹನ್ನೊಂದು ಗಂಟೆಗೆ ಮಧುಗಿರಿ ಠಾಣೆಯಲ್ಲಿ ಎಲ್ಲರೂ ಸೇರಿದ್ದರು. ಗಂಗಾಧರಯ್ಯ ಮತ್ತು ದೊಡ್ಡಹನುಮಯ್ಯ ಹೊರಗಿನ ಬೆಂಚಿನ ಮೇಲಿದ್ದರು. ಒಳಗೆ ಪರ್ವತಯ್ಯ ಕುರ್ಚಿಯಲ್ಲಿ ಆರಾಮಾಗಿ ಕೂತಿದ್ದ. ರಶೀದ ಕೂರಲಿಲ್ಲ.

ಇನ್ಸ್‌ಪೆಕ್ಟರು ಹೇಳು ಎಂದರು. ರಶೀದ ಗೋಡೆ ನೋಡಿಕೊಂಡು ಹೇಳಿದ. ಇದು ಒಂದು ಕಾರಿನ ಕಥೆಯಲ್ಲ, ಎರಡು ಕಾರಿನ ಕಥೆ. ಎರಡೂ ಒಂದೇ ಜಾತಿಯವು, ಒಂದೇ ಕಾಲದವು. ಒಂದು ಕಾರು ಹೊಳವನಹಳ್ಳಿಯಲ್ಲಿ ಬಿಚ್ಚಿಹೋಯಿತು, ಅದರ ಪುಸ್ತಕ ಉಳಿಯಿತು. ಇನ್ನೊಂದು ಮದಲೂರು ಕೆರೆಯಲ್ಲಿ ಕೊಳೆಯಿತು, ಅದನ್ನು ಯಾವ ಬ್ರೇಕ್ ಇನ್ಸ್‌ಪೆಕ್ಟರೂ ಪಾಸು ಮಾಡುತ್ತಿರಲಿಲ್ಲ. ಕೊಳೆತ ಕಾರಿಗೆ ಟಾರು ಬಳಿದು, ಮ್ಯಾಟ್ ಅಂಟಿಸಿ, ಇಂಜಿನ್ ನಂಬರು ಅಳಿಸಿ, ಒಳ್ಳೆಯ ಕಾರಿನ ನಂಬರು ಹೊಡೆದು, ಅದರ ಪುಸ್ತಕ ಜೊತೆಗಿಟ್ಟರು. ಓಡಿಸಿದರೆ ಓಡುತ್ತಿತ್ತು. ಆದರೆ ಸ್ಟೀರಿಂಗ್ ಹಿಡಿದಿದ್ದ ಕಬ್ಬಿಣ ಒಳಗೇ ಸತ್ತಿತ್ತು. ಆರನೇ ದಿನ ತಿರುವಿನಲ್ಲಿ ಕಿತ್ತುಬಂತು.

"ನಂಬರು ಹೊಡೆದ ಪಂಚು ಯಾರದು?" ಎಂದರು ವೃಷಭೇಂದ್ರಪ್ಪ.

"ನಂದು ಸಾರ್."

ಪರ್ವತಯ್ಯ ಮುಂದಕ್ಕೆ ಬಾಗಿದ. ಅದೇ ನೋಡಿ ಸ್ವಾಮಿ, ಪಂಚೂ ಇವನದು, ಪುಸ್ತಕ ತರಿಸಿದ್ದೂ ಇವನ ಹೆಸರಲ್ಲಿ, ಗಾಡಿ ಸರಿಯಿದೆ ಅಂದವನೂ ಇವನೇ, ನಾನು ಇವನು ಹೇಳಿದ ಕಡೆ ಓಡಾಡೋ ದಲ್ಲಾಳಿ ಎಂದ. ಅವನ ದನಿಯಲ್ಲಿ ನಡುಕವಿರಲಿಲ್ಲ. ಎಷ್ಟೋ ದಿನದಿಂದ ಸಿದ್ಧಮಾಡಿಕೊಂಡ ಮಾತಿನ ಹಾಗಿತ್ತು.

ರಶೀದ ಆಗ ಮೊದಲ ಸಲ ಅವನ ಕಡೆ ತಿರುಗಿ ನೋಡಿದ. ತನ್ನ ಪಂಚು, ತನ್ನ ಹೆಸರು, ತನ್ನ ಮಾತು. ಮೂರನ್ನೂ ಇವನು ಸುಮ್ಮನೆ ಬಳಸಿಕೊಂಡಿರಲಿಲ್ಲ. ಸಿಕ್ಕಿಬಿದ್ದರೆ ಇರಲಿ ಅಂತ ಮೊದಲೇ ಜೋಡಿಸಿಟ್ಟಿದ್ದ.

ಇನ್ಸ್‌ಪೆಕ್ಟರು ಪುಸ್ತಕ ಎಲ್ಲಿದೆ ಎಂದು ಪರ್ವತಯ್ಯನನ್ನು ಕೇಳಿದರು. ಮಾರಿದ ದಿನ ಪೆದ್ದಣ್ಣನ ಕೈಗೆ ಕೊಟ್ಟೆ, ಆಮೇಲೆ ನಾನು ಅದನ್ನು ನೋಡಿಯೂ ಇಲ್ಲ, ಮುಟ್ಟಿಯೂ ಇಲ್ಲ ಎಂದ ಅವನು.

ವೃಷಭೇಂದ್ರಪ್ಪ ಮೇಜಿನ ಡ್ರಾಯರಿನಿಂದ ಕೆಂಪು ರಟ್ಟಿನ ಪುಸ್ತಕ ತೆಗೆದು ಮುಂದಿಟ್ಟರು. ಮೊದಲ ಪುಟ ತೆರೆದರು.

"ಇದು ಪೆದ್ದಣ್ಣ ಗಾಡಿ ಪೂಜೆ ಮಾಡಿದ ಕುಂಕುಮ. ಇದು ಅವನೇ ಬರೆದ ಹೆಸರು. ಅವನ ಹೆಂಡತಿ ಗುರುತು ಹಿಡಿದಿದಾಳೆ. ಅಂದರೆ ಅವನು ಸಾಯೋತನಕ ಇದು ಕಾರಲ್ಲೇ ಇತ್ತು. ನಿಮ್ಮನೆ ಗುಡಾಣದ ಹಿಂದಕ್ಕೆ ತಾನೇ ನಡಕೊಂಡು ಬಂತೇನಯ್ಯ?"

ಪರ್ವತಯ್ಯ ಇನ್ಸ್‌ಪೆಕ್ಟರನ್ನು ನೋಡಲಿಲ್ಲ. ರಶೀದನನ್ನು ನೋಡಿದ.

"ಅವ್ವ ಕೊಟ್ಳಾ?"

ರಶೀದ ತಲೆಯಾಡಿಸಿದ.

ಬೆಂಚಿನ ಮೇಲಿದ್ದ ಇಬ್ಬರನ್ನೂ ಒಳಗೆ ಕರೆದರು. ದೊಡ್ಡಹನುಮಯ್ಯ ಹುಬ್ಬಿನ ಕಲೆ ನೋಡಿ, ಇವರೇ ಎಂದ. ಗಂಗಾಧರಯ್ಯ, ಪುಸ್ತಕ ಈಸಿಕೊಂಡು ಹೋದವರು ಇವರೇ ಎಂದ. ಆ ಹೊತ್ತಿಗೆ ಪರ್ವತಯ್ಯ ಯಾವುದನ್ನೂ ಅಲ್ಲಗಳೆಯುತ್ತಿರಲಿಲ್ಲ. ಹೆಣ ಇನ್ನೂ ಕಾರಿನಲ್ಲಿದ್ದಾಗಲೇ ಕೈ ಚಾಚಿ ಗೂಡಿನಿಂದ ಪುಸ್ತಕ ತೆಗೆದೆ ಎಂದು ಒಪ್ಪಿಕೊಂಡ. ಪುಸ್ತಕ ಹೋದರೆ ತಾಳೆ ನೋಡುವುದಕ್ಕೆ ಏನೂ ಉಳಿಯುವುದಿಲ್ಲ ಅಂದುಕೊಂಡಿದ್ದನಂತೆ. ರಶೀದ ಬರೆದಿಟ್ಟುಕೊಂಡದ್ದು ಗೊತ್ತಿರಲಿಲ್ಲವಂತೆ. ಆಮೇಲೆ ಸುಡಲಿಲ್ಲ ಯಾಕೆ ಎಂದದ್ದಕ್ಕೆ, ಇನ್ನೊಂದು ಗಾಡಿಗೆ ಬಂದೀತು ಅಂತ ಎಂದ. ಬರೆದುಕೊಳ್ಳುತ್ತಿದ್ದ ರೈಟರು ಲೇಖನಿ ಎತ್ತಿ ಅವನ ಮುಖ ನೋಡಿದ.

ಪೇದೆ ತೋಳು ಹಿಡಿದಾಗ ರಶೀದ ಒಂದೇ ಪ್ರಶ್ನೆ ಕೇಳಿದ. ನನ್ನ ಹತ್ತಿರ ಯಾಕೆ ತಂದೆ, ಬೇರೆ ಯಾರಾದರೂ ಮೆಕ್ಯಾನಿಕ್ ಸಿಗುತ್ತಿರಲಿಲ್ಲವಾ ಎಂದ.

"ಬೇರೆಯೋನು ಮ್ಯಾಟ್ ಎತ್ತಿ ನೋಡೋನು ಕಣ್ಲಾ," ಎಂದ ಪರ್ವತಯ್ಯ. "ನಾನು ತಂದ ಗಾಡಿ ಅಂದ್ರೆ ನೀನು ಎತ್ತಲ್ಲ ಅಂತ ಗೊತ್ತಿತ್ತು."

* * *

ಒಂದು ವಾರ ರಶೀದ ಗ್ಯಾರೇಜಿನ ಬಾಗಿಲು ತೆರೆಯಲಿಲ್ಲ. ಎಂಟನೇ ದಿನ ತೆರೆದು, ಏನೂ ಕೆಲಸ ಮಾಡದೆ ಕುಳಿತಿದ್ದಾಗ ಚಿಕ್ಕಹನುಮಕ್ಕ ಬಂದಳು. ಬಿಸಿಲು ನೆತ್ತಿಯ ಮೇಲಿತ್ತು. ಅವನು ಎದ್ದು ಸ್ಟೂಲು ಹಾಕಿದ. ಅವಳು ಕೂರಲಿಲ್ಲ.

ಪಾವಗಡಕ್ಕೆ ಹೋಗಿದ್ದಳಂತೆ. ಸಣ್ಣಕ್ಕನ ಮನೆ ಹುಡುಕಿಕೊಂಡು ಹೋಗಿ, ಬಾಗಿಲಲ್ಲಿ ನಿಂತು, ತಾನು ಯಾರ ತಾಯಿ ಅಂತ ಹೇಳಿ ಬಂದಳಂತೆ. ಅವಳು ಒಳಗೆ ಕರೆಯಲಿಲ್ಲ, ಕರೆಯಲಿ ಅಂತ ನಾನೂ ಹೋಗಿರಲಿಲ್ಲ ಎಂದಳು. ಮಗ ಮಾಡಿದ್ದು ತಪ್ಪು, ಅವನಿಗೆ ಆದದ್ದು ಸರಿ ಅಂತಲೂ ಹೇಳಿದಳು. ಎಲ್ಲವನ್ನೂ ಒಂದೇ ದನಿಯಲ್ಲಿ ಹೇಳಿದಳು. 

ಹೊರಡುವಾಗ ಬಾಗಿಲ ಚೌಕಟ್ಟು ಹಿಡಿದು ನಿಂತಳು.

"ಇಂಗಾಗೈತೆ ಅಂತ ಹೇಳಿ ಕೇಳಿದ್ರೂ ನಾನು ಪುಸ್ತಕ ಕೊಡ್ತಿದ್ದೆ ಕಣಪ್ಪ," ಎಂದಳು. "ಮುದ್ದೆ ತಿಂತಾ ತಿಂತಾ, ಹೇಳ್ದಂಗೆ ಇಸ್ಕಂಡ್ಯಲ್ಲ."

ರಶೀದ ಬಾಗಿಲಿಗೆ ಬರುವಷ್ಟರಲ್ಲಿ ಅವಳು ಬೀದಿ ದಾಟಿ ಆಗಿತ್ತು.